ನಗರ ಅಧ್ಯಯನ: ಸಂಶೋಧನೆ ಮತ್ತು ಮೌಲ್ಯಮಾಪನದ ವಿಧಾನಗಳು

ನಗರಗಳ ವಸತಿ, ನೀರು, ಸಾರಿಗೆ, ಕಸ, ದುಡಿಮೆ, ಆಡಳಿತ ಮೊದಲಾದ ವಿಷಯಗಳಲ್ಲಿ ನಂಬಬಹುದಾದ ಮಾಹಿತಿಯನ್ನು ಕೂಡಿಸುವ ಕ್ರಮಗಳು ಸಂಶೋಧನಾ ವಿಧಾನಗಳು. ಕೈಗೊಂಡ ಯೋಜನೆಯಿಂದ ನಿಜಕ್ಕೂ ಏನಾಯಿತೆಂದು ತೂಗಿ ನೋಡುವ ಕ್ರಮಗಳು ಮೌಲ್ಯಮಾಪನ ವಿಧಾನಗಳು. ಗಣತಿ, ಮಾದರಿ ಸಮೀಕ್ಷೆ, ಕ್ಷೇತ್ರಕಾರ್ಯ, ಹಳೆಯ ದಾಖಲೆಗಳ ಓದು, ಉಪಗ್ರಹ ಚಿತ್ರ, ಸೂಚ್ಯಂಕ ಇವೆಲ್ಲ ಇದರಲ್ಲಿ ಸೇರುತ್ತವೆ. ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದದ್ದು ಬಹುಪಾಲು ಬೆಂಗಳೂರನ್ನು ಮುಂದಿಟ್ಟುಕೊಂಡು. ಅದರ ಕುಂದುಕೊರತೆಗಳು ಎದ್ದು ಕಾಣುವುದು ಮಾತ್ರ ಕಾಫಿ ಬೆಳೆಯುವ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಯಂಥ ಕಡೆ.

ಯಾವುದು ಪಟ್ಟಣ?

ಭಾರತದ ಜನಗಣತಿಯ ಪ್ರಕಾರ ನಗರಗಳು ಎರಡು ಬಗೆ. ಕಾನೂನಿನಂತೆ ಪಾಲಿಕೆ, ಪುರಸಭೆ, ಪಟ್ಟಣ ಪಂಚಾಯಿತಿ ಪಡೆದವು ಮೊದಲನೆಯವು. ಗ್ರಾಮ ಪಂಚಾಯಿತಿಯ ಆಡಳಿತದಲ್ಲೇ ಇದ್ದರೂ ಮೂರು ಅಳತೆಗಳನ್ನು ದಾಟಿದವು ಗಣತಿ ಪಟ್ಟಣಗಳು: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನಸಾಂದ್ರತೆ, ಮುಖ್ಯ ಕೆಲಸಗಾರರಾದ ಗಂಡಸರಲ್ಲಿ ಕನಿಷ್ಠ ಶೇ. 75 ಮಂದಿಗೆ ಕೃಷಿಯೇತರ ಕಸುಬು. 2001ರಲ್ಲಿ ದೇಶದಲ್ಲಿ 1,362 ಇದ್ದ ಗಣತಿ ಪಟ್ಟಣಗಳು 2011ರ ಹೊತ್ತಿಗೆ 3,894 ಆದವು.

ಮೂಡಿಗೆರೆ ಪಟ್ಟಣ ಪಂಚಾಯಿತಿ. ಅದೇ ತಾಲ್ಲೂಕಿನ ಹೋಬಳಿ ಕೇಂದ್ರ ಗೋಣಿಬೀಡಿನದು ಗ್ರಾಮ ಪಂಚಾಯಿತಿ. ಕಾಫಿ ನಾಡಿನಲ್ಲಿ ತೊಡಕು ತರುವುದು ಮೂರನೆಯ ಅಳತೆ. 2001 ಮತ್ತು 2011ರ ಗಣತಿಗಳಲ್ಲಿ ಬೇಸಾಯವೆಂದರೆ ಭತ್ತ, ರಾಗಿ, ಕಬ್ಬು, ತರಕಾರಿ ಇತ್ಯಾದಿ. ಕಾಫಿ, ಟೀ, ರಬ್ಬರ್, ತೆಂಗು, ಅಡಿಕೆ ಅದರಲ್ಲಿಲ್ಲ. ತೋಟದ ಕಾರ್ಮಿಕರು ಮೇಷ್ಟ್ರು, ಅಂಗಡಿಯವರು, ಕಾರ್ಖಾನೆ ನೌಕರರ ಜೊತೆಗೆ 'ಇತರ ಕೆಲಸಗಾರರು' ಎಂಬ ಕಲಮಿಗೆ ಹೋಗುತ್ತಾರೆ. 1981 ಮತ್ತು 1991ರಲ್ಲಿ ಪಟ್ಟಣಗಳನ್ನು ಗುರುತಿಸುವಾಗ ತೋಟದ ಕೆಲಸವನ್ನು ಕೃಷಿಯ ಸಾಲಿನಲ್ಲೇ ಇಟ್ಟಿದ್ದರು. 1961 ಮತ್ತು 1971ರಲ್ಲಿ ಹಾಗಿರಲಿಲ್ಲ. ಹೀಗಾಗಿ ಬೆಳಗಿನಿಂದ ಸಂಜೆವರೆಗೆ ಕಾಫಿ ಗಿಡದ ಬುಡದಲ್ಲೇ ದುಡಿಯುವವರಿರುವ ಊರೂ ಕಸುಬಿನ ಕಲಮನ್ನಷ್ಟೇ ನೋಡಿದರೆ ಪೇಟೆಯಂತೆ ಕಂಡೀತು. ಅದನ್ನು ಹಳ್ಳಿಯಾಗಿ ಉಳಿಸುವುದು ಜನಸಾಂದ್ರತೆಯ ಅಳತೆ: ಚಿಕ್ಕಮಗಳೂರು ಜಿಲ್ಲೆಯ ಸಾಂದ್ರತೆ 2011ರಲ್ಲಿ ಬರೀ 158. ಹಳೆಯ ಮತ್ತು ಹೊಸ ಗಣತಿಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು 'ಕೃಷಿ ಕುಸಿಯಿತು' ಎಂದು ಬರೆಯುವ ಮೊದಲು ಆಯಾ ಗಣತಿಯ ಕೈಪಿಡಿ ಓದುವುದು ಒಳ್ಳೆಯದು. ಓದುವವರು ಕಡಿಮೆ.

ಸಮೀಕ್ಷೆಯ ಪರಂಪರೆ

ಚಾರ್ಲ್ಸ್ ಬೂತ್ 1886ರಿಂದ ಲಂಡನ್ನಿನಲ್ಲಿ ನಡೆಸಿದ ಸಮೀಕ್ಷೆ ಬೀದಿ ಬೀದಿಯ ಬಡತನವನ್ನು ಬಣ್ಣದ ನಕ್ಷೆಯಲ್ಲಿ ತೋರಿಸಿತು. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಊರಿನ ಗಲ್ಲಿಗಳನ್ನು ಸ್ವತಃ ಸುತ್ತಿ ನೋಡದೆ ಯೋಜನೆ ಬರೆಯಬಾರದೆಂದು ಪಟ್ಟು ಹಿಡಿದರು. ಅವರು ನೋಡಿ ವರದಿ ಬರೆದ ಮದರಾಸು ಪ್ರಾಂತ್ಯದ ಊರುಗಳಲ್ಲಿ ಬಳ್ಳಾರಿಯೂ ಒಂದು. ಇಡೀ ಬೀದಿ ಕೆಡವುವ ಬದಲು ಅಲ್ಲೊಂದು ಇಲ್ಲೊಂದು ಪಾಳುಮನೆ ತೆಗೆದು ಗಾಳಿ ಬೆಳಕಿಗೆ ದಾರಿ ಮಾಡುವುದು ಅವರ ಮಾರ್ಗ.

1920ರ ದಶಕದಲ್ಲಿ ಶಿಕಾಗೋದ ವಿದ್ವಾಂಸರು ನಗರ ಒಂದು ನಡುವಿನಿಂದ ಬಳೆಬಳೆಯಾಗಿ ಹರಡುತ್ತದೆಂದು ವಾದಿಸಿದರು. ಬೆಂಗಳೂರಿಗೆ ಆ ಲೆಕ್ಕ ಕೂಡಿಬರುವುದಿಲ್ಲ. ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ, ನಡುವೆ ಕಬ್ಬನ್ ಪಾರ್ಕು. ಎರಡೂ ಕಡೆಯ ಪುರಸಭೆಗಳು ಒಂದಾಗಿ ಪಾಲಿಕೆಯಾದದ್ದು 1949ರಲ್ಲಿ. ವಿ.ಎಲ್.ಎಸ್. ಪ್ರಕಾಶರಾವ್ ಮತ್ತು ವಿ.ಕೆ. ತಿವಾರಿ ಅವರ 1979ರ ಪುಸ್ತಕ ಈ ಮಹಾನಗರದ ರಚನೆಯನ್ನು ವಿವರವಾಗಿ ಪರಿಶೀಲಿಸಿತು. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆ ಇಂಥ ಸಂಶೋಧನೆಯ ನೆಲೆಗಳಲ್ಲೊಂದು.

ನಾಗರಿಕ ವರದಿ ಕಾರ್ಡ್

ಕರ್ನಾಟಕ ಈ ಕ್ಷೇತ್ರಕ್ಕೆ ಕೊಟ್ಟ ದೊಡ್ಡ ಕೊಡುಗೆ ನಾಗರಿಕ ವರದಿ ಕಾರ್ಡ್. 1993ರಲ್ಲಿ ಅಹಮದಾಬಾದ್ ಐಐಎಂನ ಮಾಜಿ ನಿರ್ದೇಶಕ ಸ್ಯಾಮ್ಯುಯೆಲ್ ಪಾಲ್ ಮತ್ತು ಕೆಲವು ನಾಗರಿಕರು ಬೆಂಗಳೂರಿನ ಸುಮಾರು 1,100 ಮನೆಗಳ ಸಮೀಕ್ಷೆ ಮಾಡಿಸಿದರು. ಮಧ್ಯಮ ವರ್ಗದ ಮನೆಗಳನ್ನೂ ಕೊಳೆಗೇರಿಯ ಮನೆಗಳನ್ನೂ ಬೇರೆ ಬೇರೆಯಾಗಿ ಆಯ್ದುಕೊಂಡಿದ್ದರು. ಹಿಂದಿನ ತಿಂಗಳುಗಳಲ್ಲಿ ಯಾವ ಕಚೇರಿಗೆ ಹೋಗಿದ್ದಿರಿ, ಎಷ್ಟು ಸಲ ಅಲೆದಿರಿ, ಕೆಲಸ ಆಯಿತೇ, ಲಂಚ ಕೊಟ್ಟಿರಾ? ಅಭಿಪ್ರಾಯಕ್ಕಿಂತ ಅನುಭವವನ್ನು ಕೇಳಿದ್ದೇ ಇದರ ಜಾಣ್ಮೆ. ಮಕ್ಕಳ ಪ್ರಗತಿ ಪತ್ರದ ಹಾಗೆ ಒಂದೊಂದು ಸಂಸ್ಥೆಗೂ ಅಂಕ ಬಿತ್ತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಗ್ಗೆ ತೃಪ್ತಿ ಸೂಚಿಸಿದವರು ಶೇ. 1. ಪತ್ರಿಕೆಗಳು ಇದನ್ನು ಪ್ರಕಟಿಸಿದವು. 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಹುಟ್ಟಿ, 1999 ಮತ್ತು 2003ರಲ್ಲಿ ಸಮೀಕ್ಷೆ ಮರುಕಳಿಸಿತು. ಮೂರನೆಯ ಸುತ್ತಿಗೆ ಬಿಡಿಎ ಅಂಕ ಶೇ. 85ಕ್ಕೆ ಏರಿತ್ತು.

ಇಲ್ಲಿಂದ ಮೌಲ್ಯಮಾಪನದ ಕಷ್ಟ ಶುರು. ಈ ಏರಿಕೆಯ ಹಿರಿಮೆ ಯಾರದು? 1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ನಂದನ್ ನಿಲೇಕಣಿ ಅಧ್ಯಕ್ಷತೆಯಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿತ್ತು. 2000ದಲ್ಲಿ ಆಸ್ತಿ ತೆರಿಗೆಯ ಸ್ವಯಂ ಘೋಷಣೆ ಬಂತು. ಕಚೇರಿಗಳಿಗೆ ಕಂಪ್ಯೂಟರ್ ಕಾಲಿಟ್ಟವು. ವಿಶ್ವಬ್ಯಾಂಕಿಗಾಗಿ 2004ರಲ್ಲಿ ಕಾರ್ಡಿನ ಪರಿಣಾಮವನ್ನು ಪರಿಶೀಲಿಸಿದ ಎ. ರವೀಂದ್ರ ಸ್ವತಃ ಬೆಂಗಳೂರಿನ ಆಡಳಿತ ನಡೆಸಿದ ಅಧಿಕಾರಿ. ಹೋಲಿಸಲು ವರದಿ ಕಾರ್ಡ್ ಇಲ್ಲದ ಇನ್ನೊಂದು ಬೆಂಗಳೂರು ಇರಲಿಲ್ಲ. ಆದ್ದರಿಂದ ಕಾರ್ಡು ಒತ್ತಡ ತಂದಿತು ಎನ್ನಬಹುದು, ಕಾರ್ಡಿನಿಂದಲೇ ಸುಧಾರಣೆಯಾಯಿತು ಎನ್ನಲಾಗದು. ತೃಪ್ತಿ ಎಂಬ ಅಳತೆಯೂ ಜಾರುವಂಥದ್ದು: ವಾರಕ್ಕೊಮ್ಮೆ ನೀರು ಕಂಡವರು ಎರಡು ಸಲ ಬಂದರೆ ತೃಪ್ತರು, ದಿನವೂ ಕಂಡವರು ಒಂದು ದಿನ ತಪ್ಪಿದರೆ ಅತೃಪ್ತರು.

ಮೊದಲು–ಆಮೇಲೆ ಎಂದು ಹೋಲಿಸುವಾಗ ಋತುವನ್ನೂ ಗಮನಿಸಬೇಕು. ಮಲೆನಾಡಿನಲ್ಲಿ ಕುಡಿಯುವ ನೀರಿನ ಯೋಜನೆಯೊಂದಕ್ಕೆ ಏಪ್ರಿಲ್‌ನಲ್ಲಿ ಮೊದಲ ಅಳತೆ, ಜುಲೈನಲ್ಲಿ ಎರಡನೆಯದು ತೆಗೆದರೆ ಮಳೆಯ ಕೆಲಸಕ್ಕೆ ಇಂಜಿನಿಯರಿಗೆ ಶಹಬ್ಬಾಸ್ ಹೇಳಿದಂತಾಗುತ್ತದೆ. ರಾಜ್ಯ ಸರ್ಕಾರದ ಯೋಜನೆಗಳನ್ನು ಹೊರಗಿನವರಿಂದ ತೂಗಿಸಲು 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಸ್ಥಾಪನೆಯಾಯಿತು.

ಸೂಚ್ಯಂಕ ಮತ್ತು ಉಪಗ್ರಹ

2002ರ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಬೆರೆಸಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವು ಎಂದಿತು. ಅನುದಾನ ಹಂಚಲು ಇದು ಉಪಯುಕ್ತ. ಆದರೆ ತಾಲ್ಲೂಕಿನ ಸರಾಸರಿಯೊಳಗೆ ತೋಟದ ಬಂಗಲೆಯೂ ಕಾರ್ಮಿಕರ ಲೈನ್ ಮನೆಯೂ ಒಂದೇ ಅಂಕಿಯಾಗಿ ಕರಗುತ್ತವೆ.

1972ರಿಂದ ಸಿಗುವ ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಕೆರೆಗಳೂ ಹಸಿರೂ ಕಟ್ಟಡಗಳಿಗೆ ಜಾಗ ಬಿಟ್ಟದ್ದನ್ನು ತೋರಿಸಿದರು. ಇದೇ ತಂತ್ರ ಗೋಣಿಬೀಡಿನ ಸುತ್ತ ಎಡವುತ್ತದೆ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಿನಲ್ಲಿ ಬೆಳೆಯುವ ಕಾಫಿ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಮರದಡಿಯ ಮನೆ ಎಷ್ಟೋ ಸಲ ಕಾಣುವುದೇ ಇಲ್ಲ. ಕಾಲ್ನಡಿಗೆಯ ತಪಾಸಣೆಯಿಲ್ಲದ ನಕ್ಷೆಯನ್ನು ಇಲ್ಲಿ ನಂಬುವಂತಿಲ್ಲ.

ಕಲಿಕೆ

ಪುಸ್ತಕದಿಂದ ಸೂತ್ರ ಕಲಿಯಬಹುದು, ಪ್ರಶ್ನೆ ಕೇಳುವುದನ್ನು ಮನೆಬಾಗಿಲಲ್ಲೇ ಕಲಿಯಬೇಕು. 'ನೀರು ಸರಿಯಾಗಿ ಬರುತ್ತದೆಯೇ?' ಎಂದರೆ 'ಬರ್ತದೆ' ಎಂಬ ಉತ್ತರ ಸಿಕ್ಕು ಮಾತು ಮುಗಿಯುತ್ತದೆ. 'ನಿನ್ನೆ ನಲ್ಲಿಯಲ್ಲಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಕೊಡ ಹಿಡಿದಿರಿ?' ಎಂದರೆ ಅಂಕಿ ಸಿಗುತ್ತದೆ. ಮನೆಗಳನ್ನು ಚೀಟಿ ಎತ್ತಿದಂತೆ ಆಯದೆ, ರಸ್ತೆ ಬದಿಯಲ್ಲಿ ಸಿಕ್ಕವರನ್ನೇ ಕೇಳಿದರೆ ಸಿಗುವುದು ರಸ್ತೆ ಬದಿಯವರ ಕಥೆ. ಕೊಯ್ಲಿನ ಕಾಲದಲ್ಲಿ ಹಗಲು ಲೈನಿಗೆ ಹೋದರೆ ಎದುರಾಗುವುದು ಮುದುಕರು, ಮಕ್ಕಳು. ದುಡಿಯುವವರು ಸಿಗುವುದು ಸಂಜೆ ಕಾಫಿ ಹಣ್ಣು ಅಳೆದು ಕೊಟ್ಟ ಮೇಲೆ. ತೋಟದ ಲೆಕ್ಕ ಬರೆಯುವ ರೈಟರ್ ಪಕ್ಕದಲ್ಲಿ ನಿಂತಿದ್ದರೆ ಕೂಲಿಯ ಪ್ರಶ್ನೆಗೆ ಸಿಗುವ ಉತ್ತರವೇ ಬೇರೆ. ಒಪ್ಪಿಗೆ ಪಡೆಯುವುದು, ಹೆಸರು ಗುಟ್ಟಾಗಿಡುವುದು ಇಲ್ಲಿ ಬರೀ ಶಿಷ್ಟಾಚಾರವಲ್ಲ. ಹೇಳಿದವರ ಕೆಲಸ ಹೋಗಬಹುದು.

ವಲಸಿಗರ ಎಣಿಕೆ ಇನ್ನೂ ಬಗೆಹರಿಯದ ಸಮಸ್ಯೆ. ಹೊರ ಜಿಲ್ಲೆ, ಹೊರ ರಾಜ್ಯಗಳ ಕೂಲಿಯವರು ಕೊಯ್ಲಿಗೆ ಬಂದು ಬೇಸಿಗೆಯ ಹೊತ್ತಿಗೆ ಮರಳುತ್ತಾರೆ. 2011ರ ಜನರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ರೋಬಸ್ಟಾ ಕಾಫಿ ಕೊಯ್ಲಿನ ನಟ್ಟನಡುವೆ. ಅಷ್ಟೂ ದಿನ ತೋಟದಲ್ಲಿದ್ದವರನ್ನು ಅಲ್ಲೇ ಎಣಿಸುವುದು ನಿಯಮ. ಮನೆಪಟ್ಟಿಯ ಕೆಲಸ ನಡೆದದ್ದಾದರೋ 2010ರಲ್ಲಿ, ಬೇರೆಯದೇ ಋತುವಿನಲ್ಲಿ. ಆದ್ದರಿಂದ ಈ ಸೀಮೆಯ ಜನಸಂಖ್ಯೆಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ ತೆಗೆದ ಸರಾಸರಿಯನ್ನು ಎಚ್ಚರದಿಂದ ಬಳಸಬೇಕು. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದರ ಎಣಿಕೆಯೂ ಕೊಯ್ಲಿನ ತಿಂಗಳಲ್ಲೇ ಬೀಳಲಿದೆ.