ಪರಮಾಣು ಭದ್ರತೆಯ ನೈತಿಕ ಜಿಜ್ಞಾಸೆ: ಕೈಗಾದ ಚಾರಿತ್ರಿಕ ನೆಲೆಯಲ್ಲಿ ಒಂದು ಅವಲೋಕನ

ಪರಮಾಣು ಕ್ಷೇತ್ರದ ಪರಿಭಾಷೆಯಲ್ಲಿ ಸುರಕ್ಷತೆ ಮತ್ತು ಭದ್ರತೆ ಎಂಬ ಎರಡು ಪದಗಳು ಪ್ರತ್ಯೇಕ ಅರ್ಥಗಳನ್ನು ಹೊಂದಿವೆ. ಯಂತ್ರದೋಷ ಅಥವಾ ಮಾನವ ಪ್ರಮಾದದಿಂದ ಒದಗುವ ಅಪಾಯವನ್ನು ತಡೆಯುವುದು ಸುರಕ್ಷತೆ; ಕಳವು, ವಿಧ್ವಂಸ ಮೊದಲಾದ ಉದ್ದೇಶಪೂರ್ವಕ ಕೃತ್ಯಗಳಿಂದ ಸ್ಥಾವರವನ್ನೂ ವಿಕಿರಣಶೀಲ ದ್ರವ್ಯವನ್ನೂ ಕಾಯುವುದು ಭದ್ರತೆ. ಕಾಯುವ ಕಾರ್ಯವಿದ್ದಲ್ಲಿ ಯಾರಿಗಾಗಿ, ಯಾರಿಂದ, ಯಾವ ಬೆಲೆ ತೆತ್ತು ಎಂಬ ಪ್ರಶ್ನೆಗಳು ಏಳುವುದು ಸಹಜ. ಈ ನೈತಿಕ ಪ್ರಶ್ನೆಗಳು ಕರ್ನಾಟಕದ ಇತಿಹಾಸದಲ್ಲಿ ಹೇಗೆ ರೂಪುಗೊಂಡವು ಎಂಬುದನ್ನು ಕೈಗಾ ಅಣುವಿದ್ಯುತ್ ಸ್ಥಾವರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಇತಿಹಾಸದಲ್ಲಿ ಎರಡು ಧಾರೆಗಳನ್ನು ಗುರುತಿಸಬಹುದು. ಮೊದಲನೆಯದರ ಪ್ರತಿನಿಧಿ ಡಾ. ರಾಜಾರಾಮಣ್ಣ. 1925ರಲ್ಲಿ ತುಮಕೂರಿನಲ್ಲಿ ಜನಿಸಿದ ಅವರು 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ಮುಂದಾಳುಗಳಲ್ಲಿ ಪ್ರಮುಖರು. 1983ರಿಂದ 1987ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರು. ಜೆ.ಆರ್.ಡಿ. ಟಾಟಾ ಅವರ ಸಂಕಲ್ಪದಂತೆ 1988ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರು. ವಿಜ್ಞಾನ, ಮಾನವಿಕ ಮತ್ತು ಸಮಾಜಶಾಸ್ತ್ರಗಳನ್ನು ಒಂದೇ ಸೂರಿನಡಿ ತಂದ ಈ ಸಂಸ್ಥೆಯಲ್ಲಿ ಪರಮಾಣು ನೀತಿ ಮತ್ತು ಭದ್ರತೆ ಮುಂದೆ ವ್ಯವಸ್ಥಿತ ಸಂಶೋಧನೆಯ ವಿಷಯಗಳಾದವು.

ಎರಡನೆಯ ಧಾರೆ ಪ್ರಯೋಗಾಲಯದ ಹೊರಗೆ ಹುಟ್ಟಿತು. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಸ್ಥಾವರದ ನಿರ್ಮಾಣ 1989ರಲ್ಲಿ ಆರಂಭವಾಯಿತು. ಡಾ. ಶಿವರಾಮ ಕಾರಂತರು ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದುದಲ್ಲದೆ, ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಆಗ ಅವರ ವಯಸ್ಸು ಎಂಬತ್ತೇಳು. ಅವರು ಗೆಲ್ಲಲಿಲ್ಲ, ಆದರೆ ಅಪಾಯವನ್ನು ಹೊರಬೇಕಾದವರ ಸಮ್ಮತಿ ಕೇಳಲಾಗಿದೆಯೇ ಎಂಬ ಪ್ರಶ್ನೆ ಚುನಾವಣಾ ಕಣಕ್ಕೆ ಬಂದಿತು. ಕಾಳಿ ಜಲವಿದ್ಯುತ್ ಯೋಜನೆಗಳಿಂದ ಅದಾಗಲೇ ನೆಲೆ ಕಳೆದುಕೊಂಡಿದ್ದ ಜಿಲ್ಲೆಗೆ ಇದು ಕೇವಲ ತಾತ್ವಿಕ ಪ್ರಶ್ನೆಯಾಗಿರಲಿಲ್ಲ.

1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದ ಒಂದು ಭಾಗ ಕಳಚಿ ಬಿದ್ದು ಕಾರ್ಮಿಕರು ಗಾಯಗೊಂಡರು. ಇಂಧನವನ್ನು ಇನ್ನೂ ತುಂಬಿರದ ಕಾರಣ ವಿಕಿರಣದ ಅಪಾಯವಿರಲಿಲ್ಲ. ವಿನ್ಯಾಸದ ಪುನರ್‌ಪರಿಶೀಲನೆಯ ಬಳಿಕ, ತಲಾ 220 ಮೆಗಾವಾಟ್ ಸಾಮರ್ಥ್ಯದ ಮೊದಲೆರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆಯನ್ನಾರಂಭಿಸಿದವು. ಈ ಪ್ರಕರಣ ಸುರಕ್ಷತೆಯ ವ್ಯಾಪ್ತಿಗೆ ಸೇರಿದ್ದು.

ಭದ್ರತೆಯ ಪ್ರಶ್ನೆ ನೇರವಾಗಿ ಎದುರಾದುದು 2009ರ ನವೆಂಬರಿನಲ್ಲಿ. ಸಿಬ್ಬಂದಿಯ ಮೂತ್ರದ ವಾಡಿಕೆಯ ತಪಾಸಣೆಯಲ್ಲಿ ಕೆಲವರ ದೇಹದಲ್ಲಿ ಟ್ರೀಷಿಯಂ ಪ್ರಮಾಣ ಹೆಚ್ಚಿರುವುದು ಕಂಡುಬಂದಿತು. ಮೂಲವನ್ನು ಅರಸಿದಾಗ, ಸ್ಥಾವರದೊಳಗಿನ ಕುಡಿಯುವ ನೀರಿನ ಶೀತಕಕ್ಕೆ ಟ್ರೀಷಿಯಂಯುಕ್ತ ಭಾರಜಲವನ್ನು ಬೆರೆಸಿರುವುದು ಪತ್ತೆಯಾಯಿತು. ನೀರು ಕುಡಿದ ಹಲವು ನೌಕರರಿಗೆ, ಟ್ರೀಷಿಯಂ ಬೇಗನೆ ವಿಸರ್ಜನೆಯಾಗುವಂತೆ ಹೆಚ್ಚು ದ್ರವ ನೀಡುವ ಚಿಕಿತ್ಸೆ ಒದಗಿಸಲಾಯಿತು. ಇದು ಒಳಗಿನವರದೇ ಕೃತ್ಯವಿರಬಹುದೆಂದು ಆಗಿನ ಆಯೋಗದ ಅಧ್ಯಕ್ಷ ಡಾ. ಅನಿಲ್ ಕಾಕೋಡ್ಕರ್ ಶಂಕೆ ವ್ಯಕ್ತಪಡಿಸಿದರು.

ಈ ಘಟನೆಯ ನೈತಿಕ ಮಹತ್ವ ಮೂರು ಬಗೆಯದು. ಮೊದಲನೆಯದಾಗಿ, ಬೇಲಿ ಹೊರಗಿನ ಶತ್ರುವನ್ನು ತಡೆಯಬಲ್ಲದು. ಪ್ರವೇಶದ ಅಧಿಕಾರವುಳ್ಳವನನ್ನು ತಡೆಯಲಾರದು. ಒಳಗಿನವರ ಮೇಲೆ ಕಣ್ಗಾವಲು ಅನಿವಾರ್ಯವಾದಾಗ, ನಿರಪರಾಧಿ ನೌಕರನ ಘನತೆ ಮತ್ತು ಖಾಸಗಿತನಗಳ ಮಿತಿ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಎರಡನೆಯದಾಗಿ, ಕಾಯಬೇಕಾದ ವಸ್ತು ಇಂಧನ ಮತ್ತು ಯಂತ್ರಗಳೆಂಬ ರೂಢಿಯ ಭಾವನೆಗೆ ವಿರುದ್ಧವಾಗಿ, ಇಲ್ಲಿ ಬಾಧಿತರಾದವರು ದುಡಿಯುವ ಜನ. ಮೂರನೆಯದಾಗಿ, ಭದ್ರತೆ ಗೋಪ್ಯತೆಯನ್ನು ಬೇಡುತ್ತದೆ. ಬಾಧಿತರಿಗೂ ಸುತ್ತಲಿನ ಜನರಿಗೂ ತಿಳಿಯುವ ಹಕ್ಕಿದೆ. ಆಗ ಜಾರಿಯಲ್ಲಿದ್ದ 1962ರ ಪರಮಾಣು ಶಕ್ತಿ ಕಾಯ್ದೆ ಮಾಹಿತಿಯನ್ನು ನಿರ್ಬಂಧಿಸುವ ವಿಶಾಲ ಅಧಿಕಾರವನ್ನು ಸರ್ಕಾರಕ್ಕೆ ನೀಡಿತ್ತು. 1983ರಲ್ಲಿ ರಚಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಸಾಕಷ್ಟು ಸ್ವಾಯತ್ತತೆ ಇಲ್ಲವೆಂಬುದನ್ನು ಮಹಾಲೇಖಪಾಲರ 2012ರ ವರದಿಯೂ ಎತ್ತಿ ತೋರಿಸಿತು.

ಅದೇ ಕಾಲಘಟ್ಟದಲ್ಲಿ ಜಾಗತಿಕ ಚಿಂತನೆಯೂ ತೀವ್ರಗೊಂಡಿತ್ತು. 2010ರಿಂದ 2016ರವರೆಗೆ ನಾಲ್ಕು ಪರಮಾಣು ಭದ್ರತಾ ಶೃಂಗಸಭೆಗಳು ನಡೆದವು. ಮೊದಲ ಸಭೆಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವರು ಭಾರತದಲ್ಲಿ ಪರಮಾಣು ಶಕ್ತಿ ಸಹಭಾಗಿತ್ವದ ಜಾಗತಿಕ ಕೇಂದ್ರದ ಸ್ಥಾಪನೆಯನ್ನು ಘೋಷಿಸಿದರು. ಆದರೆ ಆ ಸಭೆಗಳ ಮುಖ್ಯ ಚರ್ಚೆ ಭಯೋತ್ಪಾದನೆ ಮತ್ತು ದ್ರವ್ಯದ ರಕ್ಷಣೆಯನ್ನು ಕುರಿತದ್ದು. ನೀರಿನ ಶೀತಕದ ಮುಂದೆ ನಿಂತ ನೌಕರನ ಪ್ರಶ್ನೆ ಅಲ್ಲಿ ಪ್ರಧಾನವಾಗಲಿಲ್ಲ.

ಈ ವಿಷಯದಲ್ಲಿ ಫೆಲೋಶಿಪ್ ಪಡೆದು ಸಂಶೋಧನೆಗೆ ತೊಡಗುವವರಿಗೂ ಇದೇ ಇಕ್ಕಟ್ಟು ಎದುರಾಗುತ್ತದೆ. ದೌರ್ಬಲ್ಯವನ್ನು ವಿವರವಾಗಿ ಪ್ರಕಟಿಸಿದರೆ ಕೆಡುಕು ಬಯಸುವವನಿಗೆ ದಾರಿ ತೋರಿದಂತೆ; ಮುಚ್ಚಿಟ್ಟರೆ ದೋಷ ತಿದ್ದುವ ಅವಕಾಶ ತಪ್ಪಿದಂತೆ. ತಂತ್ರದ ವಿವರಗಳನ್ನು ಗೋಪ್ಯವಾಗಿರಿಸಿ, ಹೊಣೆಗಾರಿಕೆಯ ವಿವರಗಳನ್ನು ಬಹಿರಂಗಪಡಿಸುವುದು ಸಾಧ್ಯವಾದ ಒಂದು ವಿವೇಕಯುತ ಮಾರ್ಗ. ಯಾವ ಬೀಗ ಎಲ್ಲಿದೆ ಎಂಬುದು ಗುಟ್ಟಾಗಿರಲಿ. ಬೀಗ ಮುರಿದಾಗ ಯಾರು ಉತ್ತರದಾಯಿ, ಬಾಧಿತರಿಗೆ ಯಾವಾಗ ತಿಳಿಸಬೇಕು ಎಂಬುದು ಗುಟ್ಟಾಗಿರಬೇಕಿಲ್ಲ.

ರಾಜಾರಾಮಣ್ಣನವರ ಸಂಸ್ಥೆ ಪ್ರತಿನಿಧಿಸುವ ತಜ್ಞಜ್ಞಾನ ಮತ್ತು ಕಾರಂತರು ಎತ್ತಿದ ಸಮ್ಮತಿಯ ಪ್ರಶ್ನೆ ಸಾಮಾನ್ಯವಾಗಿ ಪರಸ್ಪರ ವಿರೋಧಿಗಳೆಂದೇ ಭಾವಿಸಲ್ಪಟ್ಟಿವೆ. 2009ರ ಘಟನೆಯನ್ನು ಅರ್ಥೈಸಲು ಎರಡೂ ಬೇಕು. ತಜ್ಞತೆಯಿಲ್ಲದೆ ಟ್ರೀಷಿಯಂ ಪತ್ತೆಯಾಗುತ್ತಿರಲಿಲ್ಲ. ಸಮ್ಮತಿಯ ಪ್ರಶ್ನೆಯಿಲ್ಲದಿದ್ದರೆ, ಪತ್ತೆಯಾದುದನ್ನು ಯಾರಿಗೆ ತಿಳಿಸಬೇಕೆಂಬುದು ಪ್ರಶ್ನೆಯೇ ಆಗುತ್ತಿರಲಿಲ್ಲ.