ಎರಡನೆಯ ಈಡಿಗೆ ಕಾದವರು

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳದು ಬಂಡೆಗಳ ಸೀಮೆ. ಬಂಡೆಯಿದ್ದಲ್ಲಿ ಕೋಟೆ, ಕೋಟೆಯಿದ್ದಲ್ಲಿ ಒಬ್ಬ ಪಾಳೆಯಗಾರ ಎಂಬುದು ಇಲ್ಲಿನ ಹಳೆಯ ಕಥೆ. ಮಧುಗಿರಿಯ ಏಕಶಿಲಾ ಬೆಟ್ಟ 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾಯಿತು. ಶಿರಾ 1687ರಲ್ಲಿ ಮೊಗಲರ ಕೈಸೇರಿ ಸುಬೆಯೊಂದರ ರಾಜಧಾನಿಯಾಯಿತು, 1761ರಲ್ಲಿ ಹೈದರಾಲಿಯದಾಯಿತು. ಪಾವಗಡದ ಪಾಳೆಯಗಾರರೂ ಕೊನೆಗೆ ಹೈದರನಿಗೆ ತಲೆಬಾಗಬೇಕಾಯಿತು. ಈ ಕದನಗಳಲ್ಲೆಲ್ಲ ಕತ್ತಿ ಈಟಿಗಳ ಜೊತೆಗೆ ಬಂದೂಕೂ ಇತ್ತು. ಆ ಬಂದೂಕಿಗೆ ಒಂದು ದೊಡ್ಡ ಕೊರತೆಯೂ ಇತ್ತು. ಒಂದು ಈಡು ಹಾರಿಸಿದ ಮೇಲೆ ಇನ್ನೊಂದಕ್ಕೆ ಅದು ಸಿದ್ಧವಾಗಲು ಬಹಳ ಹೊತ್ತು ಹಿಡಿಯುತ್ತಿತ್ತು.

ಬತ್ತಿಯಿಂದ ಬೆಂಕಿ ಮುಟ್ಟಿಸುವ ಆ ಕಾಲದ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು ಸುರಿಯಬೇಕು, ಗುಂಡು ಇಳಿಬಿಡಬೇಕು, ಗಜದಿಂದ ಜಡಿಯಬೇಕು. ನಂತರ ಕಿವಿಯ ಬಳಿಯ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ, ಉರಿಯುವ ಬತ್ತಿಯನ್ನು ಊದಿ ಕೆಂಡ ಮಾಡಿಕೊಳ್ಳಬೇಕು. ಮುಂದೆ ಬಂದ ಚಕಮಕಿ ಕಲ್ಲಿನ ಬಂದೂಕಿನಲ್ಲಿ ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಈಡು ಹಾರಿಸಬಲ್ಲವನಾಗಿದ್ದ. ಕೋಟೆಯ ಗೋಡೆಯ ಮರೆಯಲ್ಲಿ ನಿಂತವನಿಗೆ ಅಷ್ಟು ಸಾಕಾಗಿತ್ತು. ಒಬ್ಬ ತುಂಬುವಾಗ ಪಕ್ಕದವನು ಹೊಡೆಯುತ್ತಿದ್ದ. ಆದರೆ ಅದೇ ಕೋವಿ ಹಿಡಿದು ಕಾಡಿನಲ್ಲಿ ಹುಲಿಯ ಎದುರು ಒಂಟಿಯಾಗಿ ನಿಂತವನ ಪಾಡು ಬೇರೆ. ಗಾಯಗೊಂಡ ಹುಲಿ ನಲವತ್ತು ಐವತ್ತು ಗಜ ದೂರವನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬತ್ತಿ, ಚಕಮಕಿಗಳು ಹೋಗಿ ಕೇಪು ಬಂದಿತು. ಮಳೆಯಲ್ಲೂ ಹೊತ್ತಿಕೊಳ್ಳುವ ಈ ಪುಟ್ಟ ತಾಮ್ರದ ಟೋಪಿ ದೊಡ್ಡ ಅನುಕೂಲವೇ ಆದರೂ ಮದ್ದು ಮಾತ್ರ ಬಾಯಿಂದಲೇ ಹೋಗಬೇಕಿತ್ತು. ಹಳ್ಳಿಗಳಲ್ಲಿ ಬೆಳೆ ಕಾಯಲು ಇಟ್ಟುಕೊಂಡಿದ್ದ ಕೇಪಿನ ಕೋವಿ ಈ ಜಾತಿಯದು. ಹಂದಿಗೆಂದು ಚರೆ ತುಂಬಿ ಕೂತವನ ಮುಂದೆ ಕೆಲವೊಮ್ಮೆ ಚಿರತೆಯೋ ಹುಲಿಯೋ ಹಾದುಹೋಗುತ್ತಿತ್ತು. ಅವನು ಹಾರಿಸಿದ ಒಂದೇ ಈಡು ಪ್ರಾಣಿಯನ್ನು ಕೊಲ್ಲುವಷ್ಟು ಬಲವಾದುದಲ್ಲ. ಮತ್ತೊಂದು ಹಾರಿಸಲು ಸಮಯವಿಲ್ಲ. ಚರೆ ಹೊಕ್ಕ ಕಾಲನ್ನೋ ಮುರಿದ ದವಡೆಯನ್ನೋ ಹೊತ್ತು ಪ್ರಾಣಿ ಕಾಡು ಸೇರುತ್ತಿತ್ತು. ಜಿಂಕೆ, ಕಡವೆಗಳನ್ನು ಹಿಡಿಯಲಾರದ ಇಂಥ ಪ್ರಾಣಿಗಳೇ ಅನೇಕ ವೇಳೆ ದನಗಾಹಿಗಳ ಮೇಲೆ, ಸೌದೆಗೆ ಹೋದ ಹೆಂಗಸರ ಮೇಲೆ ಬೀಳುತ್ತಿದ್ದವೆಂದು ಉತ್ತರದಲ್ಲಿ ಜಿಮ್ ಕಾರ್ಬೆಟ್, ದಕ್ಷಿಣದಲ್ಲಿ ಕೆನೆತ್ ಆಂಡರ್ಸನ್ ಇಬ್ಬರೂ ಬರೆದಿದ್ದಾರೆ. ಹಾರದೇ ಹೋದ ಎರಡನೆಯ ಈಡಿನ ಬೆಲೆಯನ್ನು ತೆತ್ತವರು ಬಹುಮಟ್ಟಿಗೆ ಬಂದೂಕನ್ನೇ ಮುಟ್ಟದ ಜನ.

ಆಂಡರ್ಸನ್ ಹೆಸರು ಈ ಸೀಮೆಗೆ ಹೊಸದಲ್ಲ. 1910ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಅಲ್ಲಿಯೇ 1974ರಲ್ಲಿ ತೀರಿಕೊಂಡ ಈ ಬೇಟೆಗಾರ ಲೇಖಕನ ಮೊದಲ ಪುಸ್ತಕ ಪ್ರಕಟವಾದದ್ದು 1954ರಲ್ಲಿ. ಅದರ ಒಂದು ಅಧ್ಯಾಯ ದೇವರಾಯನದುರ್ಗದ ಹುಲಿಯನ್ನು ಕುರಿತದ್ದು. ತುಮಕೂರಿಗೂ ಕೊರಟಗೆರೆಗೂ ನಡುವೆ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರಕ್ಕೆ ನಿಂತಿರುವ ಈ ಬೆಟ್ಟದಲ್ಲೇ ಜಯಮಂಗಲಿ ನದಿ ಹುಟ್ಟಿ, ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮೂಲಕ ಹರಿಯುತ್ತದೆ. ಅದೇ ಪುಸ್ತಕದಲ್ಲಿ ಶಿರಾದಿಂದ ಪಶ್ಚಿಮಕ್ಕೆ ಬಹು ದೂರವಿಲ್ಲದ ಹೊಸದುರ್ಗ, ಹೊಳಲ್ಕೆರೆಗಳ ನರಭಕ್ಷಕನ ಕಥೆಯೂ ಇದೆ. ಕನ್ನಡದ ಓದುಗರಿಗೆ ಆಂಡರ್ಸನ್ ಆಪ್ತನಾದದ್ದು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯ ಮೂಲಕ. ಆ ಕಥೆಗಳನ್ನು ಓದಿದವರಿಗೆ ಆತನ ಕೈಲಿದ್ದ ಪಾಯಿಂಟ್ 405 ವಿಂಚೆಸ್ಟರ್ ರೈಫಲ್ ಕೂಡ ಒಂದು ಪಾತ್ರದಂತೆ ನೆನಪಿರುತ್ತದೆ.

ಇದು 1895ರ ಮಾದರಿಯ ರೈಫಲ್. ವಿನ್ಯಾಸ ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್‌ನದು. 405ರ ತೋಟಾ ಸೇರಿಕೊಂಡದ್ದು 1904ರಲ್ಲಿ. ಹೆಚ್ಚುಕಡಿಮೆ 19 ಗ್ರಾಂ ತೂಕದ ಗುಂಡನ್ನು ಅದು ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಹೊರಡಿಸುತ್ತಿತ್ತು. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಕ್ಕೆ ಸಿಂಹದ ಬೇಟೆಗೆ ಒಯ್ದದ್ದೂ ಇದನ್ನೇ. ಇಂಗ್ಲೆಂಡಿನಲ್ಲಿ ಕೈಯಿಂದ ತಯಾರಾಗುತ್ತಿದ್ದ ಜೋಡುನಳಿಗೆಯ ರೈಫಲ್‌ಗಳು ರಾಜಮಹಾರಾಜರಿಗೆ ಹೇಳಿಸಿದ ವಸ್ತು. ಅವುಗಳಲ್ಲಿ ಎರಡನೆಯ ಈಡು ಸದಾ ಸಿದ್ಧ, ಆದರೆ ಮೂರನೆಯದಿಲ್ಲ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ವಿಂಚೆಸ್ಟರ್ ಅದಕ್ಕಿಂತ ಅಗ್ಗ, ಹೊಟ್ಟೆಯಲ್ಲಿ ನಾಲ್ಕು ತೋಟಾ.

ಅದರ ಕೆಲಸ ನಡೆಯುವ ಬಗೆ ಸರಳ. ಟ್ರಿಗರ್ ಸುತ್ತಲಿನ ಕಬ್ಬಿಣದ ಬಳೆಯೇ ಕೆಳಕ್ಕೆ ಉದ್ದವಾಗಿ ಲಿವರ್ ಆಗಿರುತ್ತದೆ. ಬೆರಳುಗಳು ಅದರೊಳಗಿದ್ದಂತೆಯೇ ಕೆಳಕ್ಕೆ, ಮುಂದಕ್ಕೆ ದೂಡಿದರೆ ಬೋಲ್ಟು ಹಿಂದಕ್ಕೆ ಸರಿಯುತ್ತದೆ. ಅದರ ಕೊಕ್ಕೆ ಖಾಲಿ ತೋಟಾವನ್ನು ಎಳೆದು ಹೊರಗೆಸೆಯುತ್ತದೆ. ಮೇಲಿನ ಕುದುರೆ ಹಿಂದಕ್ಕೆ ಮಡಚಿ ನಿಲ್ಲುತ್ತದೆ. ಅಷ್ಟರಲ್ಲಿ ಮ್ಯಾಗಜೀನಿನ ಸ್ಪ್ರಿಂಗು ಹೊಸ ತೋಟಾವನ್ನು ಮೇಲಕ್ಕೆತ್ತಿರುತ್ತದೆ. ಲಿವರನ್ನು ಹಿಂದಕ್ಕೆಳೆದಾಗ ಬೋಲ್ಟು ಆ ತೋಟಾವನ್ನು ನಳಿಗೆಯೊಳಕ್ಕೆ ತಳ್ಳಿ ಬಾಗಿಲು ಹಾಕುತ್ತದೆ. ಬಂದೂಕನ್ನು ಹೆಗಲಿನಿಂದ ಇಳಿಸಬೇಕಾಗಿಲ್ಲ, ಕಣ್ಣನ್ನು ಗುರಿಯಿಂದ ಕೀಳಬೇಕಾಗಿಲ್ಲ.

ಈ ಹಂತಕ್ಕೆ ಬರಲು ಮೂವತ್ತೈದು ವರ್ಷ ಹಿಡಿಯಿತು. 1860ರ ಹೆನ್ರಿ ರೈಫಲ್‌ನಲ್ಲಿ ನಳಿಗೆಯ ಕೆಳಗೆ ಇನ್ನೊಂದು ಕೊಳವೆಯಿದ್ದು, ಅದರಲ್ಲಿ ಹದಿನೈದು ಹದಿನಾರು ತೋಟಾಗಳು ಸಾಲಾಗಿ ಮಲಗಿರುತ್ತಿದ್ದವು. ಕೊಳವೆಗೆ ಉದ್ದಕ್ಕೂ ಸೀಳು ಇದ್ದುದರಿಂದ ದೂಳು, ಮರಳು ಒಳನುಗ್ಗಿ ತೋಟಾ ಸಿಕ್ಕಿಕೊಳ್ಳುತ್ತಿತ್ತು. 1866ರ ವಿಂಚೆಸ್ಟರ್ ಕೊಳವೆಯನ್ನು ಮುಚ್ಚಿ, ಪಕ್ಕದಿಂದ ತುಂಬಲು ಪುಟ್ಟ ಬಾಗಿಲಿಟ್ಟಿತು. ಆಮೇಲೆ ಮತ್ತೊಂದು ತೊಡಕು ಎದುರಾಯಿತು. ತೋಟಾಗಳು ಒಂದರ ಹಿಂದೊಂದು ಇರುವಾಗ ಹಿಂದಿನದರ ಮೊನೆ ಮುಂದಿನದರ ಕೇಪಿಗೆ ತಾಗಿಕೊಂಡಿರುತ್ತದೆ. ಗುಂಡು ಚೂಪಾಗಿದ್ದರೆ, ಹಾರಿಸಿದಾಗಿನ ಒದೆತಕ್ಕೆ ಕೊಳವೆಯೊಳಗೇ ತೋಟಾ ಸಿಡಿಯುವ ಅಪಾಯ. ಆದ್ದರಿಂದ ಬ್ರೌನಿಂಗ್ 1895ರ ಮಾದರಿಯಲ್ಲಿ ಕೊಳವೆಯನ್ನೇ ಬಿಟ್ಟು, ತೋಟಾಗಳು ಒಂದರ ಮೇಲೊಂದು ಕೂರುವ ಪೆಟ್ಟಿಗೆಯನ್ನು ಅಳವಡಿಸಿದ. ಈ ಮಾದರಿಯ ಒಟ್ಟು ನಾಲ್ಕು ಲಕ್ಷಕ್ಕೂ ಹೆಚ್ಚು ಬಂದೂಕುಗಳಲ್ಲಿ ಸುಮಾರು ಮೂರು ಲಕ್ಷ ಮೊದಲನೆಯ ಮಹಾಯುದ್ಧದಲ್ಲಿ ರಷ್ಯಾದ ಸೈನ್ಯದ ಪಾಲಾದವು.

ಆದರೆ ಪೆಟ್ಟಿಗೆ ತನ್ನದೇ ಆದ ರೋಗವನ್ನೂ ತಂದಿತು. 405ರ ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚು ಇದೆ. ಒಂದರ ಮೇಲೊಂದು ಇಡುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ತಪ್ಪಿ ಹಿಂದೆ ಕೂತರೆ, ಬೋಲ್ಟು ಮೇಲಿನದನ್ನು ತಳ್ಳಿದಾಗ ಅದು ಕೆಳಗಿನದನ್ನೂ ಜಗ್ಗುತ್ತದೆ. ಎರಡೂ ಅಲ್ಲಿಯೇ ಸಿಕ್ಕಿಬೀಳುತ್ತವೆ. ಪಾಯಿಂಟ್ 303 ರೈಫಲ್ ಹೊತ್ತ ಸಿಪಾಯಿಗಳಿಗೂ ಇದೇ ಕಾಟವಿತ್ತು. ಇದಕ್ಕೆ ಮದ್ದು ತುಂಬುವವನ ಬೆರಳಿನಲ್ಲೇ ಇದೆ. ಹಗಲಿನಲ್ಲಿ, ಅವಸರವಿಲ್ಲದೆ, ಒಂದೊಂದನ್ನೇ ನೋಡಿ ಕೂರಿಸಬೇಕು. ಕತ್ತಲಲ್ಲಿ ಮಚಾನಿನ ಮೇಲೆ ತಡಕಾಡಿ ತುಂಬಿದವನಿಗೆ ತಪ್ಪು ತಿಳಿಯುವುದು ಲಿವರ್ ನಡುದಾರಿಯಲ್ಲಿ ನಿಂತಾಗಲೇ.

ಎರಡನೆಯ ಕಾರಣ ಕೈಯ ಅಳುಕು. ಲಿವರನ್ನು ಪೂರ್ತಿ ಮುಂದಕ್ಕೆ ದೂಡದೆ ಅರ್ಧಕ್ಕೇ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳದೆ ಉಳಿಯಬಹುದು. ಇಲ್ಲವೇ ಬೋಲ್ಟು ಹೊಸ ತೋಟಾದ ಬುಡದ ಹಿಂದಕ್ಕೆ ಸರಿಯದೆ, ಅದರ ಮೇಲೆಯೇ ಜಾರಿ ಬರಿಯ ನಳಿಗೆಗೆ ಬಾಗಿಲು ಹಾಕಬಹುದು. ಟ್ರಿಗರ್ ಎಳೆದರೆ ಕೇಳಿಸುವುದು ‘ಟಕ್’ ಎಂಬ ಸದ್ದು ಮಾತ್ರ. ಸದ್ದಾದೀತೆಂದು ಲಿವರನ್ನು ಮೆಲ್ಲಗೆ, ಅಂಜುತ್ತ ಆಡಿಸುವವರಿಗೆ ಈ ಅಪಾಯ ಹೆಚ್ಚು. ಮದ್ದಿಲ್ಲದ ನಕಲಿ ತೋಟಾ ಹಾಕಿ, ಕೊನೆಯವರೆಗೆ ಗಟ್ಟಿಯಾಗಿ ದೂಡಿ ಎಳೆಯುವುದನ್ನು ಕೈಗೆ ರೂಢಿ ಮಾಡಿಸುವುದೇ ಇದಕ್ಕೆ ಪರಿಹಾರ.

ಮೂರನೆಯದು ಕೊಳೆ. ಶಿರಾ, ಪಾವಗಡಗಳ ಬಿಸಿಲುಸೀಮೆಯಲ್ಲಿ ಗಾಳಿಯ ತುಂಬ ದೂಳು. ಬಂದೂಕಿಗೆ ಧಾರಾಳವಾಗಿ ಎಣ್ಣೆ ಹಾಕಿದಷ್ಟೂ ದೂಳು ಅದರಲ್ಲಿ ಕಲೆತು ಅರಗಿನಂತಾಗುತ್ತದೆ. ವರ್ಷಗಟ್ಟಲೆ ಗೋಡೆಗೆ ತೂಗುಬಿದ್ದ ಬಂದೂಕಿನಲ್ಲಂತೂ ಹಳೆಯ ಎಣ್ಣೆ ಗಟ್ಟಿಯಾಗಿ, ಸ್ಪ್ರಿಂಗು ತೋಟಾವನ್ನು ಎತ್ತುವುದೇ ತಡವಾಗುತ್ತದೆ. ಬೋಲ್ಟು ಮುಂದೆ ಹೋದ ಮೇಲೆ ತೋಟಾ ಮೇಲೆ ಬರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ಅರ್ಧ ಖಾಯಿಲೆ ವಾಸಿ. ಆಮೇಲೂ ಎತ್ತದಿದ್ದರೆ ಸ್ಪ್ರಿಂಗಿನ ಕಸುವು ಹೋಗಿದೆಯೆಂದು ಅರ್ಥ.

ನಾಲ್ಕನೆಯದು ತೋಟಾವೇ. ಚರ್ಮದ ಪಟ್ಟಿಯಲ್ಲಿ ಬಹುಕಾಲ ಬಿಟ್ಟ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕೂರುತ್ತದೆ. ಅಂಥದು ನಳಿಗೆಯೊಳಕ್ಕೆ ನುಣ್ಣಗೆ ಜಾರದು. ಸಿಡಿದ ಮೇಲೆ ಹೊರಬರಲೂ ಒಲ್ಲದು. ಖಾಲಿ ತೋಟಾಕ್ಕೆ ಮತ್ತೆ ಮದ್ದು ಗುಂಡು ತುಂಬಿಸಿದಾಗ ಉದ್ದದಲ್ಲಿ, ಮೊನೆಯ ಆಕಾರದಲ್ಲಿ ಹೆಚ್ಚುಕಡಿಮೆಯಾದರೆ ಪೆಟ್ಟಿಗೆಯಲ್ಲಿ ಅದು ಮುಗ್ಗರಿಸುತ್ತದೆ. ಬಲ್ಲವರು ದೋಷವನ್ನು ಹುಡುಕುವ ಕ್ರಮ ಹೀಗೆ: ಮೊದಲು ತೋಟಾ, ನಂತರ ತುಂಬಿದ ರೀತಿ, ನಂತರ ಕೈ, ನಂತರ ಕೊಳೆ, ನಂತರ ಸ್ಪ್ರಿಂಗು, ಬಂದೂಕಿನ ಕಬ್ಬಿಣದ ಮೇಲೆ ಅನುಮಾನ ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲೇ ಅರ ಹಿಡಿದು ಉಜ್ಜಿದವರು ಸರಿಯಿದ್ದ ಬಂದೂಕನ್ನೂ ಕೆಡಿಸಿದರು. ಉಜ್ಜಿ ತೆಗೆದ ಕಬ್ಬಿಣವನ್ನು ಮರಳಿ ಅಂಟಿಸುವಂತಿಲ್ಲ.

ಕೊನೆಗೆ ಈ ರೈಫಲ್ಲಿಗೆ ಬಂದದ್ದು ಯಾವ ಅರಕ್ಕೂ ಎಣ್ಣೆಗೂ ಬಗ್ಗದ ತೊಂದರೆ. 1930ರ ದಶಕದಲ್ಲಿ ಬಂದೂಕಿನ ತಯಾರಿಕೆ ನಿಂತಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ 405ರ ತೋಟಾವೂ ನಿಂತಿತು. ಭಾರತದ ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗಾಗಿ ಮಾಡುತ್ತಿದ್ದ ಪಾಯಿಂಟ್ 315ರ ತೋಟಾ ಇದಕ್ಕೆ ಹೊಂದದು. ಇದ್ದ ತೋಟಾಗಳನ್ನು ಎಣಿಸಿಟ್ಟು ಬಳಸುವ ಕಾಲ ಬಂದಿತು. ಅಮೆರಿಕದಲ್ಲಿ ಈ ತೋಟಾ ಮತ್ತೆ ತಯಾರಾದದ್ದು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ. ಅಷ್ಟರಲ್ಲಿ ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯ ಯುಗವೇ ಮುಗಿದಿತ್ತು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹಿಂದೆ ಬೇಟೆಗಾರರ ಮೊದಲ ಗುರಿಯಾಗಿದ್ದ ಕೃಷ್ಣಮೃಗಗಳು ಸುಮಾರು 800 ಎಕರೆಯ ಆ ಬಯಲಿನಲ್ಲಿ ಹಿಂಡುಹಿಂಡಾಗಿ ಮೇಯುತ್ತವೆ. ಕೊರಟಗೆರೆ, ಮಧುಗಿರಿಗಳ ಬಂಡೆಗಳ ನಡುವೆ ಕರಡಿ, ಚಿರತೆಗಳು ಈಗಲೂ ಇವೆ. ಹಳ್ಳಿಯವರಿಗೂ ಅವಕ್ಕೂ ಆಗಾಗ ಮುಖಾಮುಖಿಯಾಗುವುದೂ ಉಂಟು. ಈಗ ಬರುವುದು ರೈಫಲ್ ಹಿಡಿದ ಬೇಟೆಗಾರನಲ್ಲ, ಬೋನು ಮತ್ತು ಅರಿವಳಿಕೆ ಬಂದೂಕು ಹೊತ್ತ ಅರಣ್ಯ ಇಲಾಖೆಯ ಸಿಬ್ಬಂದಿ. ಅರಿವಳಿಕೆಯ ಬಂದೂಕಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸೂಜಿ. ಅದು ಗುರಿ ತಪ್ಪಿದರೆ ಇನ್ನೊಂದನ್ನು ತುಂಬುವವರೆಗೆ ಇಲಾಖೆಯವರೂ ಊರಿನವರೂ ಕಾಯಬೇಕು.