ತಂತಿಗೆ ಏರಿದ ಜೋಗುಳ

ಜೋಗುಳವೆಂದರೆ ತಾಯಿಯ ದನಿ, ಅದನ್ನು ವಾದ್ಯಕ್ಕೆ ಏರಿಸಿದರೆ ಜೀವವೇ ಹೋಗುತ್ತದೆ ಎಂಬ ವಾದವುಂಟು. ಐರ್ಲೆಂಡಿನ ಮಟ್ಟಿಗೆ ಅದು ನಿಲ್ಲುವುದಿಲ್ಲ. ಅಲ್ಲಿನ ಹಳೆಯ ಸಾಹಿತ್ಯ ಹಾರ್ಪ್ ಎಂಬ ತಂತಿವಾದ್ಯದ ಸಂಗೀತವನ್ನೇ ಮೂರಾಗಿ ವಿಂಗಡಿಸಿತ್ತು: ಅಳಿಸುವುದು, ನಗಿಸುವುದು, ನಿದ್ದೆ ಬರಿಸುವುದು. ಈ ಮೂರನೆಯದರ ಹೆಸರು ಸೂವನ್‌ತ್ರೀ. ಐರಿಷ್ ಭಾಷೆಯಲ್ಲಿ ಜೋಗುಳಕ್ಕೆ ಇಂದಿಗೂ ಅದೇ ಹೆಸರು. ಅಲ್ಲಿನ ಪುರಾಣದ ದೇವ ದಾಗ್ದಾ ಹಾರ್ಪಿನಲ್ಲಿ ಮೂರನ್ನೂ ನುಡಿಸಿ, ಕೊನೆಯದರಿಂದ ಶತ್ರುಪಡೆಯನ್ನು ಮಲಗಿಸಿ ಪಾರಾಗುತ್ತಾನೆ. ಪುರಾಣ ಇತಿಹಾಸವಲ್ಲ, ಒಪ್ಪೋಣ. ಆದರೆ ನಿದ್ದೆಯ ರಾಗ ತಂತಿಗೂ ಸೇರಿದ್ದೆಂದು ಆ ಕಾಲದ ಕೇಳುಗರು ನಂಬಿದ್ದರು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಆ ತಂತಿಯ ಗುಣವನ್ನೂ ಗಮನಿಸಬೇಕು. 1792ರ ಬೆಲ್‌ಫಾಸ್ಟ್ ಹಾರ್ಪ್ ಮೇಳದಲ್ಲಿ ಹಳೆಯ ರೀತಿಯಂತೆ ಉದ್ದ ಉಗುರುಗಳಿಂದ ಲೋಹದ ತಂತಿ ಮೀಟಿದವನು ಅಂಧ ವೃದ್ಧ ಡೆನಿಸ್ ಹೆಂಪ್ಸನ್ ಒಬ್ಬನೇ. ಲೋಹದ ತಂತಿಯ ನಾದ ಬೇಗ ಅಡಗದು. ಒಂದು ಸ್ವರ ಮುಂದಿನದರೊಳಗೆ ಕರಗುತ್ತದೆ, ಬೇಡವಾದದ್ದನ್ನು ಬೆರಳಿನಿಂದಲೇ ತಡೆಯಬೇಕು. ತೊಟ್ಟಿಲು ತೂಗುವ ಲಯಕ್ಕೆ ಇಂಥ ನಾದ ಎಷ್ಟು ಒಗ್ಗುತ್ತದೆ! ಹೆಂಪ್ಸನ್ ನುಡಿಸಿದ್ದನ್ನು ಬರೆದುಕೊಂಡ ತರುಣ ಎಡ್ವರ್ಡ್ ಬಂಟಿಂಗ್ 1796ರಲ್ಲಿ ಪದಗಳಿಲ್ಲದೆ ರಾಗಗಳನ್ನಷ್ಟೇ ಪ್ರಕಟಿಸಿದ. ಹಾಡಿನ ಪದ ಹೋಯಿತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ನಷ್ಟ ದೊಡ್ಡದು. ಆದರೂ ಜೋಗುಳದ ಪಲ್ಲವಿ ಬಹುಮಟ್ಟಿಗೆ ನಮ್ಮ ‘ಜೋ ಜೋ’ದಂತೆ ಅರ್ಥಕ್ಕಿಂತ ನಾದವನ್ನೇ ನೆಚ್ಚಿದ್ದು. ಅಲ್ಲಿಯ ‘ಶೋಹೀನ್ ಶೋ’ ಕೂಡ ಹಾಗೆಯೇ. ಆ ನಾದವನ್ನು ಹಾರ್ಪ್ ಹಿಡಿದಿಡಬಲ್ಲದು.